ಹುಗಿನ್, ಮುನಿನ್: ಓಡಿನ್‌ನ ಹಕ್ಕಿಗಳನ್ನು ನಾವು ಯಾಕೆ ಹೊಡೀತೀವಿ?

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಗಮನಿಸಿ: 2018 ಮತ್ತು 2022ರ ‘ಗಾಡ್ ಆಫ್ ವಾರ್’ ಗೇಮ್‌ಗಳ ಕಥೆಯ ಕೆಲವು ಗುಟ್ಟುಗಳು ಇಲ್ಲಿ ಬಯಲಾಗುತ್ತವೆ.)

ಇವತ್ತಿನ ಸಂಚಿಕೆ ಹುಟ್ಟಿದ್ದು ಒಂದು ಪ್ರಶ್ನೆಯಿಂದ. ಕೇಳಿದವಳು ನನ್ನ ತಂಗಿ.

ಹೋದ ದೀಪಾವಳಿಗೆ ಅವಳು ಮೈಸೂರಿನ ಹಾಸ್ಟೆಲ್‌ನಿಂದ ಮನೆಗೆ ಬಂದಿದ್ದಳು. ನಾನು ಹಾಲ್‌ನಲ್ಲಿ ಕೂತು ‘ಗಾಡ್ ಆಫ್ ವಾರ್’ ಆಡ್ತಾ ಇದ್ದೆ. ಹಸಿರು ಬೆಳಕು ಸೂಸುವ ಒಂದು ಹಕ್ಕಿ ಪಾಳು ಗೋಡೆಯ ಮೇಲೆ ಕೂತಿತ್ತು. ಕೊಡಲಿ ಎಸೆದೆ. ಹಕ್ಕಿ ಪುಡಿಪುಡಿ. ಪರದೆ ಮೇಲೆ ಲೆಕ್ಕ ಒಂದು ಏರಿತು.

‘ಅಣ್ಣಾ, ಪಾಪ ಆ ಹಕ್ಕಿ ನಿಂಗೇನ್ ಮಾಡ್ತು?’ ಅಂದಳು.

‘ಅದು ಓಡಿನ್‌ನ ಹಕ್ಕಿ ಕಣೇ. ನಾವು ಎಲ್ಲಿದ್ದೀವಿ, ಏನ್ ಮಾಡ್ತಿದ್ದೀವಿ ಅಂತ ನೋಡ್ಕೊಂಡು ಹೋಗಿ ಅವನಿಗೆ ಹೇಳುತ್ತೆ. ಅದಕ್ಕೇ ಹೊಡೀಬೇಕು.’

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಹಂಗಾದ್ರೆ ನನ್ನ ಫೋನಲ್ಲಿ ಒಂದು ಕೂರ್ಸಿದ್ದೀಯಲ್ಲ, ಅದನ್ನ ಯಾವಾಗ ಹೊಡೀತೀಯಾ?’ ಅಂದಳು.

ಆ ಮಾತಿಗೆ ಕೊನೆಯಲ್ಲಿ ಬರ್ತೀನಿ. ಅವತ್ತು ರಾತ್ರಿ ನಾನು ಮಾಡಿದ ಮೊದಲ ಕೆಲಸ, ಈ ಹಕ್ಕಿಗಳ ನಿಜವಾದ ಕಥೆ ಏನು ಅಂತ ಓದೋಕೆ ಕೂತಿದ್ದು. ಓದ್ತಾ ಹೋದ ಹಾಗೆ ಗೊತ್ತಾಯ್ತು, ಗೇಮ್ ನಮಗೆ ಹೇಳಿರೋದು ಅರ್ಧ ಕಥೆ ಮಾತ್ರ.

ಮೊದಲು ಹಕ್ಕಿ ಯಾವುದು ಅಂತ ನೋಡೋಣ

ಇಂಗ್ಲಿಷ್‌ನಲ್ಲಿ ಇದನ್ನ ರೇವನ್ ಅಂತಾರೆ. ಕಾಗೆಯ ಕುಟುಂಬದ್ದೇ, ಆದ್ರೆ ನಮ್ಮ ಕಿಟಕಿ ಹತ್ರ ಬಂದು ಕೂಗುವ ಊರ ಕಾಗೆ ಅಲ್ಲ. ತೂಕ ಒಂದು ಕಿಲೋ ದಾಟುತ್ತೆ, ಅಂದ್ರೆ ಊರ ಕಾಗೆಯ ಮೂರ್ನಾಲ್ಕು ಪಟ್ಟು. ರೆಕ್ಕೆ ಬಿಚ್ಚಿದರೆ ಒಂದು ಮೀಟರಿಗಿಂತ ಅಗಲ. ದನಿ ಗಡುಸು. ಭಾರತದಲ್ಲಿ ಇದನ್ನ ನೋಡಬೇಕು ಅಂದ್ರೆ ರಾಜಸ್ಥಾನದ ಕಡೆಗೋ ಹಿಮಾಲಯದ ಎತ್ತರಕ್ಕೋ ಹೋಗಬೇಕು. ಕರ್ನಾಟಕದಲ್ಲಿ ಇಲ್ಲ. ಹಾಗಾಗಿ ಇದಕ್ಕೆ ನಮ್ಮಲ್ಲಿ ಬಳಕೆಯ ಹೆಸರೂ ಇಲ್ಲ. ನಾನು ರೇವನ್ ಅಂತಲೇ ಹೇಳ್ತೀನಿ.

ನಾರ್ಸ್ ಪುರಾಣ, ಅಂದ್ರೆ ನಾರ್ವೆ, ಡೆನ್ಮಾರ್ಕ್, ಸ್ವೀಡನ್, ಐಸ್‌ಲ್ಯಾಂಡ್ ಕಡೆಯ ಹಳೆಯ ಪುರಾಣದಲ್ಲಿ ದೇವತೆಗಳಿಗೆಲ್ಲ ಹಿರಿಯ ಓಡಿನ್. ಒಂದೇ ಕಣ್ಣಿನವನು. ಇನ್ನೊಂದು ಕಣ್ಣನ್ನ ಮಿಮಿರ್ ಅನ್ನುವವನ ಬಾವಿಯ ನೀರಿಗೋಸ್ಕರ ಕೊಟ್ಟುಬಿಟ್ಟ. ಆ ನೀರು ಕುಡಿದರೆ ಜ್ಞಾನ ಬರುತ್ತೆ. ಗೊತ್ತುಮಾಡಿಕೊಳ್ಳೋಕೆ ಏನು ಬೇಕಾದ್ರೂ ತೆರುವ ದೇವರು ಅವನು.

ಅವನ ಹತ್ರ ಎರಡು ರೇವನ್‌ಗಳಿವೆ. ಹುಗಿನ್, ಮುನಿನ್. ಬೆಳಗಾಗುತ್ತಿದ್ದ ಹಾಗೆ ಅವನ್ನ ಲೋಕ ಸುತ್ತೋಕೆ ಕಳಿಸ್ತಾನೆ. ತಿಂಡಿ ಹೊತ್ತಿಗೆ ಅವು ವಾಪಸ್ ಬಂದು, ಅವನ ಹೆಗಲ ಮೇಲೆ ಕೂತು, ಕಂಡಿದ್ದು ಕೇಳಿದ್ದು ಎಲ್ಲವನ್ನೂ ಕಿವಿಯಲ್ಲಿ ಹೇಳ್ತವೆ. ಈ ವಿವರ ಇರೋದು ಐಸ್‌ಲ್ಯಾಂಡಿನ ಸ್ನೋರಿ ಸ್ಟುರ್ಲುಸನ್ 1220ರ ಸುಮಾರಿಗೆ ಬರೆದ ‘ಎಡ್ಡಾ’ ಅನ್ನೋ ಗದ್ಯಗ್ರಂಥದಲ್ಲಿ. ಇದೇ ಕಾರಣಕ್ಕೆ ಓಡಿನ್‌ಗೆ ರೇವನ್‌ಗಳ ದೇವರು ಅನ್ನೋ ಹೆಸರೂ ಇತ್ತು ಅಂತ ಸ್ನೋರಿ ಹೇಳ್ತಾನೆ.

ಈಗ ಹೆಸರು ಗಮನಿಸಿ. ಹುಗಿನ್ ಅನ್ನೋದು ಬಂದಿರೋದು ಮನಸ್ಸು, ಯೋಚನೆ ಅನ್ನುವ ಅರ್ಥದ ಪದದಿಂದ. ಮುನಿನ್ ಅಂದ್ರೆ ನೆನಪು ಅಂತ ಸಾಮಾನ್ಯವಾಗಿ ಅರ್ಥ ಹೇಳ್ತಾರೆ. ಅದರ ಮೂಲಪದದಲ್ಲಿ ಬಯಕೆ ಅನ್ನುವ ಛಾಯೆಯೂ ಇದೆ ಅನ್ನುವ ವಿದ್ವಾಂಸರಿದ್ದಾರೆ. ಹೇಗೆ ತಗೊಂಡ್ರೂ ಒಂದು ವಿಷಯ ಸ್ಪಷ್ಟ. ಇವು ಸಂಬಳಕ್ಕೆ ಇಟ್ಟುಕೊಂಡ ಗೂಢಚಾರರಲ್ಲ. ಓಡಿನ್ ದಿನಾ ಬೆಳಗ್ಗೆ ಹೊರಗೆ ಕಳಿಸ್ತಿರೋದು ತನ್ನದೇ ಯೋಚನೆಯನ್ನ, ತನ್ನದೇ ನೆನಪನ್ನ.

ಕಲ್ಪನೆ ಯಾಕೆ ಹುಟ್ಟಿತು?

ಆ ಜನಕ್ಕೆ ರೇವನ್ ಅಂದ್ರೆ ಎರಡು ವಿಷಯ ನೆನಪಿಗೆ ಬರ್ತಿತ್ತು. ಒಂದು, ಯುದ್ಧಭೂಮಿ. ಹೆಣ ಬಿದ್ದ ಕಡೆ ರೇವನ್ ಬರುತ್ತೆ. ಅಂದಿನ ಕವಿಗಳು ‘ರೇವನ್‌ಗೆ ಊಟ ಹಾಕಿದವನು’ ಅಂದ್ರೆ, ಶತ್ರುಗಳನ್ನ ಕೊಂದ ವೀರ ಅಂತ ಅರ್ಥ. ಓಡಿನ್ ಯುದ್ಧದ, ಸಾವಿನ ದೇವರೂ ಹೌದಲ್ವಾ, ಜೋಡಿ ಸರಿಹೋಯ್ತು.

ಇನ್ನೊಂದು, ದಾರಿ ತೋರಿಸೋದು. ಫ್ಲೋಕಿ ಅನ್ನೋ ನಾವಿಕ ಐಸ್‌ಲ್ಯಾಂಡ್ ಹುಡುಕ್ಕೊಂಡು ಹೊರಟಾಗ ಮೂರು ರೇವನ್ ತಗೊಂಡು ಹೋಗಿದ್ದ ಅನ್ನೋ ಕಥೆ ಐಸ್‌ಲ್ಯಾಂಡಿನ ಹಳೆಯ ವಲಸೆ ದಾಖಲೆಯಲ್ಲಿದೆ. ಮೊದಲನೇದನ್ನ ಬಿಟ್ಟಾಗ ಅದು ಬಂದ ದಾರಿಗೇ ಹಿಂತಿರುಗಿತು. ಎರಡನೇದು ಮೇಲೆ ಹಾರಿ, ಸುತ್ತ ನೋಡಿ, ಮತ್ತೆ ಹಡಗಿಗೇ ಬಂತು. ಮೂರನೇದು ನೇರ ಮುಂದಕ್ಕೆ ಹಾರಿತು. ಅದು ಹೋದ ದಿಕ್ಕಿಗೆ ಹಡಗು ತಿರುಗಿಸಿದರು, ನೆಲ ಸಿಕ್ಕಿತು. ಜಿಪಿಎಸ್ ಇಲ್ಲದ ಕಾಲದಲ್ಲಿ ಅದೇ ಜಿಪಿಎಸ್.

ಓಡಿನ್ ಮತ್ತು ಹಕ್ಕಿಗಳ ಜೋಡಿ ಬರೀ ಪುಸ್ತಕದಲ್ಲಿ ಇಲ್ಲ. 2009ರಲ್ಲಿ ಡೆನ್ಮಾರ್ಕಿನ ಲೈರ ಅನ್ನೋ ಊರಲ್ಲಿ ಬೆಳ್ಳಿಯ ಒಂದು ಪುಟಾಣಿ ಮೂರ್ತಿ ಸಿಕ್ಕಿತು. ಎತ್ತರ ಎರಡು ಸೆಂಟಿಮೀಟರ್ ಕೂಡ ಇಲ್ಲ. ಸಿಂಹಾಸನದ ಮೇಲೆ ಕೂತಿರೋ ಒಂದು ಆಕೃತಿ, ಎರಡೂ ಪಕ್ಕ ಒಂದೊಂದು ಹಕ್ಕಿ. ಇದು ಓಡಿನ್ ಅಂತ ಹಲವರು ಗುರುತಿಸ್ತಾರೆ. ಬಟ್ಟೆ ನೋಡಿದರೆ ಹೆಂಗಸಿನ ಹಾಗಿದೆ, ಇದು ಬೇರೆ ದೇವತೆ ಇರಬೇಕು ಅನ್ನೋರೂ ಇದ್ದಾರೆ. ಆ ಚರ್ಚೆ ನಡೀತಾನೇ ಇದೆ.

ದೇವರು ಹೆದರಿದ ಜಾಗ

ಈಗ ನನಗೆ ಬಹಳ ಇಷ್ಟವಾದ ಭಾಗ.

ಸ್ನೋರಿ ಬರೆಯೋಕೂ ಮೊದಲಿಂದ ಇದ್ದ ಹಳೆಯ ಪದ್ಯಗಳ ಒಂದು ಸಂಗ್ರಹ ಇದೆ. ಅದರ ಮುಖ್ಯ ಹಸ್ತಪ್ರತಿ 13ನೇ ಶತಮಾನದ್ದು. 1643ರಲ್ಲಿ ಐಸ್‌ಲ್ಯಾಂಡಿನ ಒಬ್ಬ ಬಿಷಪ್ ಕೈಗೆ ಸಿಕ್ಕಿತು, ಅವರು ಅದನ್ನ ಡೆನ್ಮಾರ್ಕಿನ ರಾಜನಿಗೆ ಕಳಿಸಿದರು. ಐಸ್‌ಲ್ಯಾಂಡಿಗೆ ಅದು ವಾಪಸ್ ಬಂದಿದ್ದು 1971ರಲ್ಲಿ, ಹಡಗಿನಲ್ಲಿ. ಆ ಪುಸ್ತಕ ಇಳಿಯೋದನ್ನ ನೋಡೋಕೆ ಬಂದರಿನಲ್ಲಿ ಜನ ಸೇರಿದ್ದರು.

ಆ ಸಂಗ್ರಹದಲ್ಲಿ ‘ಗ್ರಿಮ್ನಿಸ್ಮಾಲ್’ ಅಂತ ಒಂದು ಪದ್ಯ ಇದೆ. ಸನ್ನಿವೇಶ ಹೀಗಿದೆ. ಓಡಿನ್ ವೇಷ ಮರೆಸಿಕೊಂಡು, ಗ್ರಿಮ್ನಿರ್ ಅಂತ ಹೆಸರು ಹೇಳಿಕೊಂಡು, ಗೈರೋಡ್ ಅನ್ನೋ ರಾಜನ ಮನೆಗೆ ಬರ್ತಾನೆ. ರಾಜನಿಗೆ ಅನುಮಾನ. ಬಂದವನನ್ನ ಹಿಡಿಸಿ, ಎರಡು ಬೆಂಕಿಗಳ ನಡುವೆ ಎಂಟು ರಾತ್ರಿ ಕೂರಿಸ್ತಾನೆ. ಮೈಮೇಲಿನ ಬಟ್ಟೆಗೆ ಬೆಂಕಿ ತಗಲುತ್ತೆ. ಊಟ ಇಲ್ಲ, ನೀರಿಲ್ಲ. ರಾಜನ ಮಗ ಒಬ್ಬನಿಗೆ ಮಾತ್ರ ಅಯ್ಯೋ ಅನ್ನಿಸಿ ಕುಡಿಯೋಕೆ ತಂದುಕೊಡ್ತಾನೆ. ಆಗ ಓಡಿನ್ ಬಾಯಿ ಬಿಡ್ತಾನೆ. ಲೋಕಗಳ ಬಗ್ಗೆ, ದೇವತೆಗಳ ಮನೆಗಳ ಬಗ್ಗೆ ಒಂದೊಂದಾಗಿ ಹೇಳ್ತಾ ಹೋಗ್ತಾನೆ.

ಅದರ ನಡುವೆ ಹುಗಿನ್, ಮುನಿನ್ ಬಗ್ಗೆಯೂ ಒಂದು ಮಾತು ಬರುತ್ತೆ. ಆ ಮಾತಿನ ಸಾರ ಇಷ್ಟು: ಅವು ದಿನಾ ಲೋಕದ ಮೇಲೆ ಹಾರ್ತವೆ, ಹುಗಿನ್ ವಾಪಸ್ ಬರ್ತಾನೋ ಇಲ್ವೋ ಅಂತ ನನಗೆ ಭಯ, ಮುನಿನ್ ಬಗ್ಗೆ ಅದಕ್ಕಿಂತ ಹೆಚ್ಚು ಭಯ.

ಇದನ್ನ ಓದಿ ಒಂದು ನಿಮಿಷ ಸುಮ್ಮನೆ ಕೂತೆ. ಎಲ್ಲ ಬಲ್ಲವನು ಅನ್ನಿಸಿಕೊಂಡ ದೇವರು, ಎಲ್ಲ ಲೋಕಗಳನ್ನೂ ನೋಡಬಲ್ಲ ಎತ್ತರದ ಪೀಠ ಇರುವವನು, ಬೆಂಕಿ ಮಧ್ಯೆ ಕೂತು ಹೇಳ್ತಿರೋದು ಭಯದ ಮಾತು. ಕಳಿಸಿದ್ದು ವಾಪಸ್ ಬರದಿದ್ದರೆ? ಯೋಚನೆ ಕಳೆದುಹೋದ್ರೆ ಒಂದು ಕಷ್ಟ, ನೆನಪು ಕಳೆದುಹೋದ್ರೆ ಇನ್ನೂ ದೊಡ್ಡ ಕಷ್ಟ. ಆದ್ರೂ ಮಾರನೇ ದಿನ ಬೆಳಗ್ಗೆ ಮತ್ತೆ ಕಳಿಸ್ತಾನೆ. ಕಳಿಸದೇ ಇರೋಕೆ ಅವನಿಗೆ ಆಗಲ್ಲ.

ಗೇಮ್ ಏನು ಮಾಡಿತು?

2018ರ ಏಪ್ರಿಲ್‌ನಲ್ಲಿ ಸಾಂಟಾ ಮೋನಿಕಾ ಸ್ಟುಡಿಯೋದ ‘ಗಾಡ್ ಆಫ್ ವಾರ್’ ಬಂತು. ಕೋರಿ ಬಾರ್ಲಾಗ್ ನಿರ್ದೇಶನ. ಗ್ರೀಕ್ ದೇವತೆಗಳನ್ನೆಲ್ಲ ಮುಗಿಸಿ ಬಂದ ಕ್ರೇಟೋಸ್, ಮಗ ಅಟ್ರೇಯಸ್ ಜೊತೆ ನಾರ್ಸ್ ಲೋಕದಲ್ಲಿ ಬದುಕ್ತಿರ್ತಾನೆ. ಹೆಂಡತಿಯ ಚಿತಾಭಸ್ಮವನ್ನ ಎಲ್ಲಕ್ಕಿಂತ ಎತ್ತರದ ಶಿಖರಕ್ಕೆ ಒಯ್ಯಬೇಕು, ಅಷ್ಟೇ ಅವನ ಕೆಲಸ.

ಈ ಗೇಮ್‌ನಲ್ಲಿ ಓಡಿನ್ ಒಂದು ಸಲವೂ ಮುಖ ತೋರಿಸಲ್ಲ. ಮಿಮಿರ್ ಬಾಯಲ್ಲಿ ಅವನ ಕಥೆಗಳು ಬರ್ತವೆ. ಹೌದು, ಬಾವಿಯ ಅದೇ ಮಿಮಿರ್, ಇಲ್ಲಿ ಕ್ರೇಟೋಸ್‌ನ ಸೊಂಟಕ್ಕೆ ನೇತುಹಾಕಿದ ಮಾತಾಡುವ ತಲೆ. ಮಿಕ್ಕಂತೆ ಓಡಿನ್ ಇದ್ದಾನೆ ಅನ್ನೋದಕ್ಕೆ ಕಣ್ಣಿಗೆ ಕಾಣುವ ಗುರುತು ಈ ಹಸಿರು ರೇವನ್‌ಗಳು. ಒಟ್ಟು 51 ಇವೆ. ಕೆಲವು ಸುಮ್ಮನೆ ಕೂತಿರ್ತವೆ, ಕೆಲವು ಒಂದೇ ಜಾಗದಲ್ಲಿ ಸುತ್ತು ಹಾರ್ತಿರ್ತವೆ. ಹೊಡೆಯದಿದ್ದರೆ ಕಥೆಗೆ ಏನೂ ತೊಂದರೆ ಇಲ್ಲ. ಎಲ್ಲವನ್ನೂ ಹೊಡೆದರೆ ಒಂದು ಟ್ರೋಫಿ ಸಿಗುತ್ತೆ. ಅದರ ಹೆಸರಿನ ಅರ್ಥ, ಸರ್ವಪಿತ ಕುರುಡನಾದ.

ಅಂದ್ರೆ ಗೇಮ್ ಎರಡು ಹಕ್ಕಿಗಳನ್ನ 51 ಮಾಡಿತು, ನೆನಪು ಮತ್ತು ಯೋಚನೆಯನ್ನ ಸಿಸಿಟಿವಿ ಕ್ಯಾಮೆರಾ ಮಾಡಿತು. ನಮ್ಮ ಕಾಲಕ್ಕೆ ಅದು ತಕ್ಷಣ ಅರ್ಥ ಆಗುತ್ತೆ. ಯಾರೂ ಹೇಳಿಕೊಡಬೇಕಾಗಿಲ್ಲ, ಕಂಡ ಕೂಡಲೇ ಹೊಡೀಬೇಕು ಅನ್ನಿಸುತ್ತೆ.

ಒಂದು ತಮಾಷೆ ನೋಡಿ. ಕ್ರೇಟೋಸ್‌ನ ಕೊಡಲಿಯ ವಿಶೇಷವೇ ವಾಪಸ್ ಬರೋದು. ಎಷ್ಟು ದೂರ ಎಸೆದರೂ ಒಂದು ಬಟನ್ ಒತ್ತಿದರೆ ಸುಂಯ್ ಅಂತ ಕೈಗೆ ಬಂದು ಕೂರುತ್ತೆ. ಕಳಿಸಿದ್ದು ವಾಪಸ್ ಬರುತ್ತೋ ಇಲ್ವೋ ಅಂತ ಹೆದರುವ ದೇವರ ಹಕ್ಕಿಯನ್ನ ನಾವು ಹೊಡೀತಿರೋದು, ವಾಪಸ್ ಬಂದೇ ಬರುವ ಕೊಡಲಿಯಿಂದ.

2020ರ ನವೆಂಬರ್‌ನಲ್ಲಿ ಬಂದ ‘ಅಸಾಸಿನ್ಸ್ ಕ್ರೀಡ್ ವಲ್ಹಲ್ಲಾ’ ಇನ್ನೊಂದು ದಾರಿ ಹಿಡೀತು. ಅಲ್ಲಿ ರೇವನ್ ನಮ್ಮ ಕಡೆಯದು. ಹೆಸರು ಸೀನಿನ್. ಬಟನ್ ಒತ್ತಿದರೆ ನಾವೇ ಅದರ ಕಣ್ಣಾಗಿ ಮೇಲಿಂದ ಊರು ನೋಡಬಹುದು, ಡ್ರೋನ್ ಹಾರಿಸಿದ ಹಾಗೆ. ಒಂದೇ ಹಕ್ಕಿ. ನಮ್ಮ ಕೈಯಲ್ಲಿದ್ದರೆ ಅನುಕೂಲ, ಇನ್ನೊಬ್ಬರ ಕೈಯಲ್ಲಿದ್ದರೆ ಬೇಹುಗಾರಿಕೆ. ನಾನು ಈ ಎರಡೂ ಗೇಮ್ ಆಡಿದ್ದೆ. ಈ ಯೋಚನೆ ಒಂದು ಸಲವೂ ಬಂದಿರಲಿಲ್ಲ.

ಆ ಹಕ್ಕಿಗಳ ಒಳಗೆ ಯಾರಿದ್ದರು?

2022ರ ನವೆಂಬರ್ 9ಕ್ಕೆ ಬಂದ ‘ಗಾಡ್ ಆಫ್ ವಾರ್ ರಾಗ್ನರಾಕ್’ನಲ್ಲಿ ಓಡಿನ್ ಖುದ್ದಾಗಿ ಬರ್ತಾನೆ. ಕಿರೀಟ ಇಲ್ಲ, ಆರ್ಭಟ ಇಲ್ಲ. ಮೃದುವಾಗಿ ಮಾತಾಡುವ, ಬಡಕಲು ಮೈಯ ಮುದುಕ. ಮನೆಗೇ ಬಂದು, ಕೂತು, ಶಾಂತಿಯ ಮಾತಾಡ್ತಾನೆ. ಅದೇ ಹೆಚ್ಚು ಭಯ ಹುಟ್ಟಿಸುತ್ತೆ. ಕಥೆ ಮುಂದೆ ಹೋದಾಗ ಇನ್ನೊಂದು ಗುಟ್ಟು ಗೊತ್ತಾಗುತ್ತೆ. ರೇವನ್‌ಗಳನ್ನ ನಂಬಿಕೊಂಡು ಕೂತಿರದೆ, ಅವನೇ ವೇಷ ಹಾಕಿಕೊಂಡು ಇವರ ಮನೆಯೊಳಗೆ ಸೇರಿಕೊಂಡಿರ್ತಾನೆ. ಯಾರ ವೇಷ ಅಂತ ಹೇಳಲ್ಲ, ಇನ್ನೂ ಆಡದವರು ಬೈತೀರ. ಆದ್ರೆ ಪದ್ಯದ ಗ್ರಿಮ್ನಿರ್ ನೆನಪು ಮಾಡಿಕೊಳ್ಳಿ. ವೇಷ ಮರೆಸಿಕೊಂಡು ಬೇರೆಯವರ ಮನೆ ಹೊಕ್ಕೋದು ಪುರಾಣದ ಓಡಿನ್‌ನ ಹಳೆಯ ಚಾಳಿ.

ಈ ಗೇಮ್‌ನಲ್ಲಿ ಹೊಡೆಯೋಕೆ 48 ರೇವನ್‌ಗಳಿವೆ. ನಿಫ್ಲ್‌ಹೈಮ್ ಅನ್ನೋ ಮಂಜಿನ ಲೋಕದಲ್ಲಿ ಒಂದು ದೊಡ್ಡ ಮರ ಇದೆ. ನೀವು ಹೊಡೆದ ಹಕ್ಕಿಗಳು ಅಲ್ಲಿಗೆ ಬಂದು ಸೇರ್ತವೆ, ಲೆಕ್ಕ ಏರಿದ ಹಾಗೆ ಮರದ ಸುತ್ತಲಿನ ಪೆಟ್ಟಿಗೆಗಳು ತೆರೆದುಕೊಳ್ತವೆ. ನಾನೂ ಪೆಟ್ಟಿಗೆ ಆಸೆಗೇ ಹೊಡೆದವನು. 48 ಮುಗಿದ ಮೇಲೆ ಗೊತ್ತಾಗುತ್ತೆ, ಈ ಹಕ್ಕಿಗಳು ಹಕ್ಕಿಗಳೇ ಅಲ್ಲ. ಓಡಿನ್‌ಗೆ ಬಲಿ ಕೊಟ್ಟ ಮಕ್ಕಳ ಆತ್ಮಗಳು. ರೇವನ್ ಕೀಪರ್ ಅನ್ನೋಳನ್ನ ಸೋಲಿಸಿದ ಮೇಲೆ ಅವಕ್ಕೆ ಬಿಡುಗಡೆ.

ಮಕ್ಕಳ ಈ ಕಥೆ ಪುರಾಣದ್ದಲ್ಲ, ಗೇಮ್ ಬರೆದವರು ಸೇರಿಸಿದ್ದು. ಆದ್ರೆ ಗಾಳಿಯಲ್ಲಿ ಹುಟ್ಟಿಸಿದ್ದೂ ಅಲ್ಲ. ಓಡಿನ್‌ಗೆ ‘ನೇಣಿಗೆ ಬಿದ್ದವರ ದೇವರು’ ಅನ್ನೋ ಹೆಸರು ಹಳೆಯ ಕಾವ್ಯದಲ್ಲೇ ಇದೆ, ಅವನಿಗೆ ಬಲಿ ಕೊಡೋದರ ಪ್ರಸ್ತಾಪಗಳೂ ಇವೆ. ಗೇಮ್ ಆ ಎಳೆ ಹಿಡಿದು ಕೇಳುತ್ತೆ: ಒಬ್ಬ ಎಲ್ಲವನ್ನೂ ತಿಳ್ಕೊಳ್ಳಬೇಕು ಅಂತ ಹಟ ಹಿಡಿದರೆ, ಅದರ ಬೆಲೆ ಕಟ್ಟೋರು ಯಾರು?

ನಿಜವಾದ ರೇವನ್ ಏನು ಮಾಡುತ್ತೆ?

ಒಂದು ಸಣ್ಣ ವಿಜ್ಞಾನದ ತಿರುವು. ರೇವನ್‌ಗಳು ಉಳಿದ ಆಹಾರವನ್ನ ಬಚ್ಚಿಡ್ತವೆ, ಒಂದರದನ್ನ ಇನ್ನೊಂದು ಕದಿಯುತ್ತೆ. ಆಸ್ಟ್ರಿಯಾದ ವಿಯೆನ್ನಾ ವಿಶ್ವವಿದ್ಯಾಲಯದ ಥಾಮಸ್ ಬುಗ್ನ್ಯಾರ್ ಮತ್ತು ಸಂಗಡಿಗರು ಇದರ ಮೇಲೆ ಒಂದು ಪ್ರಯೋಗ ಮಾಡಿ 2016ರಲ್ಲಿ ಪ್ರಕಟಿಸಿದರು. ಅಕ್ಕಪಕ್ಕ ಎರಡು ಕೋಣೆ, ನಡುವಿನ ಗೋಡೆಯಲ್ಲಿ ಇಣುಕುವಷ್ಟು ಸಣ್ಣ ಕಿಂಡಿ. ಆ ಕಿಂಡಿಯಿಂದ ಪಕ್ಕದ ಕೋಣೆ ಕಾಣುತ್ತೆ ಅಂತ ಹಕ್ಕಿಗಳಿಗೆ ಮೊದಲೇ ಗೊತ್ತು ಮಾಡಿದರು. ಆಮೇಲೆ ಪಕ್ಕದ ಕೋಣೆಯಲ್ಲಿ ಯಾವ ಹಕ್ಕಿಯೂ ಇಲ್ಲದಾಗ ರೇವನ್‌ನ ದನಿಯ ರೆಕಾರ್ಡಿಂಗ್ ಹಾಕಿದರು. ಕಿಂಡಿ ತೆರೆದಿದ್ದಾಗ ಈ ಕಡೆಯ ರೇವನ್ ಅವಸರ ಅವಸರವಾಗಿ ಬಚ್ಚಿಟ್ಟಿತು, ಆ ಜಾಗದ ಹತ್ರ ಮತ್ತೆ ಮತ್ತೆ ಹೋಗೋದನ್ನ ಕಮ್ಮಿ ಮಾಡಿತು. ಕಿಂಡಿ ಮುಚ್ಚಿದ್ದಾಗ ಅದೇ ದನಿ ಕೇಳಿದರೂ ಹಾಗೆ ಮಾಡಲಿಲ್ಲ.

ಅಂದ್ರೆ ಯಾರೂ ನೋಡ್ತಿಲ್ಲ. ನೋಡಬಹುದು ಅನ್ನೋ ಅನುಮಾನ ಒಂದೇ ಸಾಕು, ಹಕ್ಕಿಯ ನಡವಳಿಕೆ ಬದಲಾಗುತ್ತೆ. ಜಗತ್ತಿನ ಹೆಸರಾಂತ ಗೂಢಚಾರ ಹಕ್ಕಿಗೆ ತನ್ನ ಮೇಲೆ ಕಣ್ಣಿಡೋದು ಇಷ್ಟ ಆಗಲ್ಲ.

ತಂಗಿಯ ಮಾತಿಗೆ ಬರೋಣ

ಅವಳು ಹಾಸ್ಟೆಲ್ ಸೇರಿದ ದಿನವೇ ಅವಳ ಫೋನಲ್ಲಿ ಲೊಕೇಶನ್ ಶೇರ್ ಆನ್ ಮಾಡಿಸಿದ್ದೆ. ಕಾರಣ ಕೇಳಿದರೆ, ಸೇಫ್ಟಿ ಅಂದಿದ್ದೆ. ಅಪ್ಪ ಅಮ್ಮನಿಗೂ ಸಮಾಧಾನ. ದಿನಾ ಸಂಜೆ ಏಳಕ್ಕೆ ಮ್ಯಾಪ್ ತೆಗೆದು ನೋಡ್ತಿದ್ದೆ. ಅವಳ ಚುಕ್ಕಿ ಹಾಸ್ಟೆಲ್ ಮೇಲೆ ಇದ್ರೆ ಸರಿ. ಬೇರೆ ಕಡೆ ಇದ್ರೆ ಫೋನ್ ಮಾಡ್ತಿದ್ದೆ. ಮೊದಮೊದಲು ಉತ್ತರ ಕೊಡ್ತಿದ್ದಳು. ಒಂದು ತಿಂಗಳಾದ ಮೇಲೆ ಚುಕ್ಕಿ ದಿನಾ ಏಳಕ್ಕೆ ಸರಿಯಾಗಿ ಹಾಸ್ಟೆಲ್ ಮೇಲೇ ಇರ್ತಿತ್ತು. ನನಗೆ ನೆಮ್ಮದಿ.

ದೀಪಾವಳಿಯ ಆ ರಾತ್ರಿ ಅವಳೇ ಹೇಳಿದಳು. ಹೊರಗೆ ಹೋಗುವಾಗ ಫೋನನ್ನ ರೂಮಲ್ಲೇ ಇಟ್ಟು ಹೋಗ್ತಿದ್ದಳಂತೆ. ಕದ್ದುಮುಚ್ಚಿ ಎಲ್ಲಿಗೂ ಅಲ್ಲ. ಗೆಳತಿಯರ ಜೊತೆ ಊಟಕ್ಕೆ, ಒಂದೆರಡು ಸಲ ಸಿನಿಮಾಗೆ. ‘ಪ್ರತಿ ಸಲ ಯಾಕೆ, ಏನು, ಯಾರ ಜೊತೆ ಅಂತ ಹೇಳೋಕೆ ಬೇಜಾರು ಅಣ್ಣಾ’ ಅಂದಳು.

ನನ್ನ ಎದೆ ಝಲ್ ಅಂದಿದ್ದು ಅವಳು ಸುಳ್ಳು ಹೇಳಿದಳು ಅಂತ ಅಲ್ಲ. ರಾತ್ರಿ ಒಂಬತ್ತಕ್ಕೆ ಆಟೋ ಸಿಗದೆ ಎಲ್ಲೋ ನಿಂತಿದ್ದರೆ ಅವಳ ಕೈಯಲ್ಲಿ ಫೋನೇ ಇರ್ತಿರಲಿಲ್ಲ. ಸೇಫ್ಟಿಗೆ ಅಂತ ಕಳಿಸಿದ ನನ್ನ ರೇವನ್ ದಿನಾ ಹೊತ್ತಿಗೆ ಸರಿಯಾಗಿ ವಾಪಸ್ ಬಂದು, ‘ಅವಳು ಹಾಸ್ಟೆಲ್‌ನಲ್ಲೇ ಇದ್ದಾಳೆ’ ಅಂತ ಕಿವಿಯಲ್ಲಿ ಹೇಳ್ತಿತ್ತು. ನಾನು ನಂಬಿಕೊಂಡು ಮಲಗ್ತಿದ್ದೆ.

ಗೇಮ್‌ನಲ್ಲಿ ನಾನು ಯಾವಾಗಲೂ ಕ್ರೇಟೋಸ್. ಮನೆಯಲ್ಲಿ ನಾನು ಯಾರು ಅಂತ ಯೋಚನೆ ಮಾಡಿರಲಿಲ್ಲ. ಓಡಿನ್‌ನನ್ನ ದುಷ್ಟ ಅಂತ ನೋಡೋದು ಸುಲಭ. ಆ ಹಳೆಯ ಪದ್ಯ ಓದಿದ ಮೇಲೆ ನನಗೆ ಕಂಡಿದ್ದು ಹೆದರಿದವನು. ಹೋದವರು ವಾಪಸ್ ಬರ್ತಾರೋ ಇಲ್ವೋ ಅಂತ ಹೆದರಿ, ಆ ಭಯಕ್ಕೆ ಬೆಳಗಾದ್ರೆ ಹಕ್ಕಿ ಬಿಡುವವನು. ಭಯ ನಿಜವೇ. ನನ್ನದೂ ನಿಜವೇ. ಹೊಸ ಊರಲ್ಲಿ ಒಬ್ಬಳೇ ಇರೋ ತಂಗಿಯ ಬಗ್ಗೆ ಚಿಂತೆ ಮಾಡೋದು ತಪ್ಪಲ್ಲ. ಆದ್ರೆ ಆ ಭಯವನ್ನ ನಾನು ಹೊರೋ ಬದಲು ಅವಳ ಫೋನಿನ ಮೇಲೆ ಕೂರಿಸಿದ್ದೆ.

ಅವತ್ತೇ ರಾತ್ರಿ ಲೊಕೇಶನ್ ಆಫ್ ಮಾಡಿದೆವು. ಒಂದೇ ಒಪ್ಪಂದ: ಎಲ್ಲಿಗೆ ಹೋದ್ರೂ ಫೋನ್ ಜೊತೆಗಿರಬೇಕು, ತೊಂದರೆ ಆದ್ರೆ ಯಾವ ಹೊತ್ತಾದ್ರೂ ಫೋನ್ ಮಾಡಬೇಕು, ಆಗ ನಾನು ‘ಅಲ್ಲಿಗೆ ಯಾಕೆ ಹೋದೆ’ ಅಂತ ಕೇಳಬಾರದು. ಮೊದಲ ವಾರ ನನಗೆ ಕಷ್ಟ ಆಯ್ತು, ಸುಳ್ಳು ಹೇಳಲ್ಲ. ಸಂಜೆ ಏಳಾದ್ರೆ ಕೈ ತಾನಾಗೇ ಮ್ಯಾಪ್ ಕಡೆ ಹೋಗ್ತಿತ್ತು. ಅವಳು ದಿನಾ ಫೋನ್ ಮಾಡಲ್ಲ. ಹೋದ ವಾರ ಒಂದು ರಾತ್ರಿ ಹತ್ತೂವರೆಗೆ ಮಾಡಿದ್ದಳು. ‘ಬಸ್ ತಪ್ಪಿತು, ಬಸ್ ಸ್ಟ್ಯಾಂಡ್‌ನಲ್ಲಿದ್ದೀನಿ, ಆಟೋದಲ್ಲಿ ಹೋಗ್ತೀನಿ, ಹಾಸ್ಟೆಲ್ ತಲುಪೋವರೆಗೂ ಮಾತಾಡ್ತಾ ಇರು’ ಅಂದಳು. ಇಪ್ಪತ್ತು ನಿಮಿಷ ಮಾತಾಡಿದೆವು. ಯಾಕೆ ಲೇಟಾಯ್ತು ಅಂತ ಬಾಯಿ ತುದಿವರೆಗೂ ಬಂತು. ಕೇಳಲಿಲ್ಲ.

ಅಂದ ಹಾಗೆ, ಗೇಮ್‌ನಲ್ಲಿ ಇನ್ನೂ ಏಳು ರೇವನ್ ಬಾಕಿ ಇವೆ. ಅವನ್ನ ಹೊಡೀತೀನಿ, ಟ್ರೋಫಿ ಬೇಕಲ್ಲ!

ನಿಮ್ಮ ಫೋನಲ್ಲೂ ಯಾರಾದ್ರೂ ರೇವನ್ ಕೂರಿಸಿದ್ದಾರಾ? ಅಥವಾ ನೀವೇ ಬೇರೆಯವರ ಫೋನಲ್ಲಿ ಕೂರಿಸಿದ್ದೀರಾ? ಒಂದು ವಾಯ್ಸ್ ನೋಟ್ ಕಳಿಸಿ, ಹೆಸರು ಹೇಳದೇ ಇದ್ರೂ ಪರವಾಗಿಲ್ಲ. ಮುಂದಿನ ಸಂಚಿಕೆಯಲ್ಲಿ ಸಿಗೋಣ.